2 ನಿಮಿಷದ ನಗುವಿಗೆ 20 ನಿಮಿಷದ ದಂಡ

ಆ ಹಾಸ್ಯ ಧಾರಾವಾಹಿ ಚೆನ್ನಾಗಿಲ್ಲ ಅಂತ ನೋಡುವವರಿಗೆಲ್ಲ ಗೊತ್ತು. ಬರೆಯುವವರಿಗೂ ಗೊತ್ತಿರಲೇಬೇಕು. ಆದರೂ ಬಿಡದೆ ನೋಡುತ್ತೇವೆ, ಯಾಕೆ ಅಂದರೆ ಅದರಲ್ಲಿ ಒಬ್ಬ ಇದ್ದಾನೆ. ನಾಯಕ ಅಲ್ಲ. ನಾಯಕನ ಪಕ್ಕದ ಮನೆಯವನು, ಇಲ್ಲಾ ಆಫೀಸಿನ ಮೂಲೆ ಮೇಜಿನವನು, ಅದೂ ಇಲ್ಲಾ ಯಾರ ಕಡೆಯ ಸಂಬಂಧ ಅಂತ ಯಾರಿಗೂ ಸರಿಯಾಗಿ ನೆನಪಿಲ್ಲದ ಒಬ್ಬ ಚಿಕ್ಕಪ್ಪ.

ನಾನು ಈಗ ನೋಡುತ್ತಿರುವುದರಲ್ಲಿ ಇರುವುದು ಚಿಕ್ಕಪ್ಪ. ಒಂದು ಕಂತಿನಲ್ಲಿ ಗಂಡ ಹೆಂಡತಿ ಜಗಳ ನಡೆಯುತ್ತಿದೆ, ಇಬ್ಬರೂ ಮೇಷ್ಟ್ರ ಮುಂದೆ ಪಾಠ ಒಪ್ಪಿಸುವ ಹಾಗೆ ಸಂಭಾಷಣೆ ಒಪ್ಪಿಸುತ್ತಿದ್ದಾರೆ. ಹಿಂದೆ ಚಿಕ್ಕಪ್ಪ ಒಂದು ಮಡಚುವ ಕುರ್ಚಿ ಬಿಡಿಸುತ್ತಿದ್ದಾನೆ. ಅವನಿಗೆ ಒಂದು ಮಾತೂ ಇಲ್ಲ. ಕುರ್ಚಿ ಕಿರ್ ಅನ್ನುತ್ತದೆ, ಅವನು ಕೈ ನಿಲ್ಲಿಸುತ್ತಾನೆ. ಜಗಳ ಜೋರಾಗುತ್ತದೆ, ಆ ಸದ್ದಿನ ಮರೆಯಲ್ಲಿ ಇನ್ನೊಂದು ಇಂಚು ಬಿಡಿಸುತ್ತಾನೆ. ಇಬ್ಬರೂ ಉಸಿರು ತೆಗೆದುಕೊಂಡರೆ ಇವನು ಉಸಿರು ಬಿಗಿ ಹಿಡಿಯುತ್ತಾನೆ. ಅಂತೂ ಕುರ್ಚಿ ಬಿಚ್ಚಿ, ಧೂಳು ಒರೆಸಿ, ಆರಾಮಾಗಿ ಕೂರುವ ಹೊತ್ತಿಗೆ ಅವರಿಬ್ಬರೂ ರಾಜಿಯಾಗಿಬಿಟ್ಟರು. ಅವನ ಮುಖ ನೋಡಬೇಕಿತ್ತು! ಟಿಕೆಟ್ ತೆಗೆದುಕೊಂಡ ಮೇಲೆ ಆಟ ರದ್ದಾದವನ ಮುಖ. ಎದ್ದು ಸುಮ್ನೆ ಕುರ್ಚಿ ಮಡಚತೊಡಗಿದ.

ಆಗ ಹಿನ್ನೆಲೆಯಲ್ಲಿ ಸೇರಿಸುವ ರೆಕಾರ್ಡ್ ಮಾಡಿದ ನಗು ಬರಲಿಲ್ಲ. ಗಂಡ "ನೀನು ಹೇಳಿದ ಮೇಲೆ ಮುಗೀತು ಬಿಡು" ಅಂದಿದ್ದಕ್ಕೆ ಮಾತ್ರ ನೂರು ಜನ ಬಿದ್ದು ಬಿದ್ದು ನಕ್ಕರು. ಸ್ಕ್ರಿಪ್ಟಿನಲ್ಲಿ ನಗು ಅಂತ ಗುರುತು ಹಾಕಿದ್ದು ಅಲ್ಲೇ ಅಲ್ವಾ, ಕುರ್ಚಿ ಬಗ್ಗೆ ಬರೆದವರಿಗೇನು ಗೊತ್ತು?

ಈ ಪೆಟ್ಟಿಗೆ ನಗುವಿನ ಚರಿತ್ರೆಯೇ ಒಂದು ತಮಾಷೆ. ಅಮೆರಿಕದ ಟೀವಿಯಲ್ಲಿ 1950ರಲ್ಲೇ ಇದು ಶುರುವಾಯಿತು. ಆಮೇಲೆ ಚಾರ್ಲಿ ಡಗ್ಲಾಸ್ ಅನ್ನುವ ಸೌಂಡ್ ಎಂಜಿನಿಯರ್ ಇದಕ್ಕೆಂದೇ ಒಂದು ಯಂತ್ರ ಮಾಡಿದ. ಕೀಲಿ ಒತ್ತಿದರೆ ಮುಸಿಮುಸಿ ನಗು, ಇನ್ನೊಂದು ಒತ್ತಿದರೆ ಗಹಗಹ. ಯಾರೂ ಒಳಗೆ ನೋಡಬಾರದು ಅಂತ ಅದಕ್ಕೆ ಬೀಗ ಬೇರೆ. ನಗುವಿಗೆ ಬೀಗ ಹಾಕಿ ಬಾಡಿಗೆಗೆ ಕೊಟ್ಟ ಮನುಷ್ಯ! 'ಮ್ಯಾಶ್' ಅನ್ನುವ ಯುದ್ಧಕಾಲದ ಆಸ್ಪತ್ರೆಯ ಧಾರಾವಾಹಿ ಮಾಡಿದವರು ನಮಗೆ ಈ ನಗು ಬೇಡವೇ ಬೇಡ ಅಂದರು. ಚಾನೆಲ್ ಬಿಡಲಿಲ್ಲ. ಕೊನೆಗೆ ಆದ ರಾಜಿ ಏನು ಅಂದರೆ, ಆಪರೇಷನ್ ಕೋಣೆಯಲ್ಲಿ ಮಾತ್ರ ಯಾರೂ ನಗುವುದಿಲ್ಲ. ಹೊಟ್ಟೆ ಕೊಯ್ಯುವಾಗ ನಗಬಾರದು ಅಂತ ಒಂದು ಮೀಟಿಂಗಿನಲ್ಲಿ ತೀರ್ಮಾನ ಆಗಬೇಕಾಯಿತು ನೋಡಿ.

ಇನ್ನು ಲೆಕ್ಕಕ್ಕೆ ಬರೋಣ. ಅರ್ಧ ಗಂಟೆಯ ಸಿಟ್‌ಕಾಂನಲ್ಲಿ, ಅಂದರೆ ಇಂಥ ಹಾಸ್ಯ ಧಾರಾವಾಹಿಯಲ್ಲಿ, ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಚಿಕ್ಕಪ್ಪನಿಗೆ ಸಿಗುವುದು ಹೆಚ್ಚೆಂದರೆ ಎರಡು. ಆ ಎರಡರಲ್ಲಿ ಒಂದನ್ನು ವಾರವಿಡೀ ಪ್ರೋಮೋದಲ್ಲಿ ತೋರಿಸಿ ಸವೆಸಿರುತ್ತಾರೆ. ಉಳಿದದ್ದು ಬರುವುದು ಬ್ರೇಕಿಗೆ ಸರಿಯಾಗಿ ಮುಂಚೆ. ಅವನು ಬಾಗಿಲಲ್ಲಿ ತಲೆ ಹಾಕಿದ, ನಾವು ನೆಟ್ಟಗೆ ಕೂತೆವು, ತಗೊಳ್ಳಿ ಸಾಬೂನು.

ಹಾಗಾದರೆ ಅವನ ತುಣುಕುಗಳನ್ನಷ್ಟೇ ನೋಡಬಹುದಲ್ಲ ಅಂತೀರಾ? ಆಗಲ್ಲ. ಆ ದಂಪತಿ ಅಷ್ಟು ಕೆಟ್ಟದಾಗಿ ಜಗಳ ಆಡದಿದ್ದರೆ ಕುರ್ಚಿಗೆ ಬೆಲೆಯೇ ಇಲ್ಲ. ಅವರೂ ಪಾಪ ದುಡಿಯುತ್ತಿದ್ದಾರೆ.

ನನಗೆ ನಿಜವಾಗಿ ಭಯ ಇರುವುದು ಒಂದೇ, ಚಾನೆಲಿಗೆ ಇವನ ಬೆಲೆ ಗೊತ್ತಾಗಿಬಿಟ್ಟರೆ? 1974ರಲ್ಲಿ ಶುರುವಾದ ಅಮೆರಿಕದ 'ಹ್ಯಾಪಿ ಡೇಸ್' ಧಾರಾವಾಹಿಯಲ್ಲಿ ಹೆನ್ರಿ ವಿಂಕ್ಲರ್ ಮಾಡಿದ ಫಾಂಜಿ ಮೊದಲು ಬದಿಯ ಪಾತ್ರ. ಜನ ಮೆಚ್ಚಿದರು. ಮೆಚ್ಚಿದ್ದೇ ತಪ್ಪಾಯಿತು. 1977ಕ್ಕೆ ಅವನ ಕೈಲಿ ಚರ್ಮದ ಜಾಕೆಟ್ ಸಮೇತ ನೀರಿನ ಮೇಲೆ ಸ್ಕೀ ಮಾಡಿಸಿ ಶಾರ್ಕ್ ಮೀನಿನ ಮೇಲಿಂದ ಹಾರಿಸಿದರು. 'ಫ್ಯಾಮಿಲಿ ಮ್ಯಾಟರ್ಸ್'ನ ಸ್ಟೀವ್ ಅರ್ಕೆಲ್ ಕಥೆ ಇನ್ನೂ ಜೋರು. ಒಂದೇ ಕಂತಿಗೆ ಅಂತ ಬಂದ ಪಕ್ಕದ ಮನೆ ಹುಡುಗ, ಮನೆಯನ್ನೇ ನುಂಗಿದ. ಆ ಮನೆಯ ಕಿರಿ ಮಗಳು 1993ರ ಹೊತ್ತಿಗೆ ಧಾರಾವಾಹಿಯಿಂದ ಮಾಯವಾದಳು. ಎಲ್ಲಿ ಹೋದಳು ಅಂತ ಹೆತ್ತವರೂ ಕೇಳಲಿಲ್ಲ, ಅವರಿಗೆ ಅರ್ಕೆಲ್ ಸಂಭಾಳಿಸುವುದೇ ಸಾಕಾಗಿತ್ತು. 1998ರಲ್ಲಿ ಧಾರಾವಾಹಿ ಮುಗಿಯುವ ಹೊತ್ತಿಗೆ ಅವನು ಬಾಹ್ಯಾಕಾಶಕ್ಕೂ ಹೋಗಿಬಂದಿದ್ದ.

ಹಾಂ, ಎಲ್ಲ ಸಲವೂ ಕೆಡುತ್ತದೆ ಅಂತ ಹೇಳಿದರೆ ಅನ್ಯಾಯ. 'ಚಿಯರ್ಸ್'ನಲ್ಲಿ ಬದಿಗಿದ್ದ ಫ್ರೇಸಿಯರ್‌ಗೆ ಸ್ವಂತ ಧಾರಾವಾಹಿ ಸಿಕ್ಕಿ 11 ಸೀಸನ್ ಚೆನ್ನಾಗಿಯೇ ನಡೆಯಿತು. 'ಫ್ರೆಂಡ್ಸ್'ನ ಜೋಯಿಗೂ 2004ರಲ್ಲಿ ಕೊಟ್ಟರು, ಎರಡೇ ಸೀಸನ್ನಿಗೆ ಬಾಗಿಲು ಹಾಕಿದರು.

ನಮ್ಮ ಚಿಕ್ಕಪ್ಪನ ಗ್ರಹಚಾರವೂ ಶುರುವಾದ ಹಾಗಿದೆ. ಹೊಸ ಸೀಸನ್ನಿನ ಪ್ರೋಮೋದಲ್ಲಿ ಅವನೇ ಮಧ್ಯದಲ್ಲಿ ನಿಂತಿದ್ದಾನೆ. ಅವನಿಗೊಂದು ಹಳೇ ಪ್ರೇಮವಂತೆ, ಮಳೆಯಲ್ಲಿ ನೆನೆಯುತ್ತಾ ಅಳುತ್ತಾನಂತೆ. ಮಾತಂತೂ ಪುಟಗಟ್ಟಲೆ ಕೊಟ್ಟಿದ್ದಾರೆ. ಅವನ ಹಿಂದೆ ಕೊಡೆ ಹಿಡಿದುಕೊಂಡು ಒಬ್ಬ ಹೊಸಬ ಅರ್ಧ ಸೆಕೆಂಡು ಕಾಣಿಸಿದ. ಅಳುವವನಿಗೆ ಹಿಡಿಯಲೋ ತನಗೇ ಹಿಡಿದುಕೊಳ್ಳಲೋ ಅಂತ ಕೊಡೆಯನ್ನು ಆಚೆ ಈಚೆ ಮಾಡುತ್ತಿದ್ದ. ಆಸಾಮಿ ಪರವಾಗಿಲ್ಲ, ನೋಡಬೇಕು.