ಸತ್ಯಾಂಶ: ಪ್ರೋಗ್ರಾಮಿಂಗ್ ಗಂಡಸರ ಕ್ಷೇತ್ರವೇ?

ಕಂಪ್ಯೂಟರ್ ಕ್ಷೇತ್ರವನ್ನು ಕಟ್ಟಿದವರು ಗಂಡಸರು, ಹೆಂಗಸರಿಗೆ ಅದರಲ್ಲಿ ಸಹಜವಾಗಿಯೇ ಆಸಕ್ತಿ ಇಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಮಾತುಗಳು ತಪ್ಪು.

1946ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್ ಎಂಬ ಆರಂಭಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗೆ ಪ್ರೋಗ್ರಾಂ ಸಿದ್ಧಪಡಿಸಿದವರು ಆರು ಮಂದಿ ಮಹಿಳೆಯರು. ಪ್ರೋಗ್ರಾಮಿಂಗ್ ಭಾಷೆಗಳೇ ಇಲ್ಲದಿದ್ದ ಆ ಕಾಲದಲ್ಲಿ ಅವರು ಯಂತ್ರದ ನಕ್ಷೆಗಳನ್ನು ಓದಿ ತಿಳಿದುಕೊಂಡು, ಫಿರಂಗಿ ಗುಂಡು ಸಾಗುವ ಪಥದ ಲೆಕ್ಕವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಅದಕ್ಕೆ ತಕ್ಕಂತೆ ಕೇಬಲ್‌ಗಳನ್ನು ಜೋಡಿಸಿ ಸ್ವಿಚ್‌ಗಳನ್ನು ಹೊಂದಿಸುತ್ತಿದ್ದರು. ಆದರೆ ಅನಾವರಣದ ಸಂದರ್ಭದಲ್ಲಿ ಅವರ ಕೆಲಸಕ್ಕೆ ಮನ್ನಣೆ ಸಿಗಲಿಲ್ಲ. ದಶಕಗಳ ಕಾಲ ಅವರ ಹೆಸರುಗಳೇ ಮರೆಯಾಗಿದ್ದವು. ಇದು ಅನ್ಯಾಯವೆಂದೇ ಹೇಳಬೇಕು. ಆರಂಭದ ಕಂಪೈಲರ್‌ಗಳನ್ನು (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ಸಾಫ್ಟ್‌ವೇರ್) ರೂಪಿಸಿದ ಗ್ರೇಸ್ ಹಾಪರ್, ಚಂದ್ರಯಾನದ ಅಪೋಲೋ ನೌಕೆಯ ಸಾಫ್ಟ್‌ವೇರ್ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಕೂಡ ಇದೇ ಇತಿಹಾಸದ ಭಾಗ.

ಇನ್ನು ಆಸಕ್ತಿಯ ಪ್ರಶ್ನೆ. 1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನ ಪದವೀಧರರಲ್ಲಿ ಮಹಿಳೆಯರು ಸುಮಾರು ಶೇ. 37ರಷ್ಟಿದ್ದರು, 2010ರ ವೇಳೆಗೆ ಆ ಪಾಲು ಶೇ. 18ರ ಆಸುಪಾಸಿಗೆ ಇಳಿಯಿತು. ಹುಟ್ಟುಗುಣವೊಂದು ಇಷ್ಟು ಕಡಿಮೆ ಅವಧಿಯಲ್ಲಿ ಹೀಗೆ ಬದಲಾಗುವುದಿಲ್ಲ. ಮನೆಬಳಕೆಯ ಕಂಪ್ಯೂಟರ್‌ಗಳನ್ನು ಆಗ ಹುಡುಗರ ವಸ್ತುವೆಂಬಂತೆ ಜಾಹೀರಾತು ಮಾಡಿ ಮಾರಲಾಗುತ್ತಿತ್ತು. ಹೀಗೆ ಮನೆಯಲ್ಲೇ ಕಲಿತು ಬಂದ ಹುಡುಗರಿಗೆ ತರಗತಿಯಲ್ಲಿ ಸಿಕ್ಕ ಮುನ್ನಡೆಯನ್ನು ಪ್ರತಿಭೆಯೆಂದು ತಿಳಿದದ್ದು ಇಳಿಕೆಯ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಗುರುತಿಸಿದ್ದಾರೆ.