ಬಿಲ್ಲು ನಮ್ಮದಲ್ಲದ ಜಾಗದಲ್ಲಿ

ನಮ್ಮ ಕಚೇರಿಯ ನಾಲ್ಕನೇ ಮಹಡಿಯಲ್ಲಿ ಚಹಾ ಯಂತ್ರದ ಪಕ್ಕದಲ್ಲಿ ಒಂದು ನೀಲಿ ಡಬ್ಬವಿದೆ. ಬೆಳಿಗ್ಗೆ ಖಾಲಿಯಿರುವ ಅದು ಸಂಜೆ ನಾಲ್ಕೂವರೆಯ ಹೊತ್ತಿಗೆ ಪೇಪರ್ ಕಪ್ಪುಗಳಿಂದ ತುಂಬಿ, ಮೇಲಿನವು ನೆಲಕ್ಕೆ ಉರುಳಿರುತ್ತವೆ. ಹೆಚ್ಚಿನವುಗಳ ತಳದಲ್ಲಿ ಒಂದೊಂದು ಗುಟುಕು ಚಹಾ ಉಳಿದಿರುತ್ತದೆ. ಹಾಗೆ ಉಳಿಸಿ ಎಸೆಯುವವರಲ್ಲಿ ನಾನೂ ಒಬ್ಬನಾಗಿದ್ದೆ. ದಿನಕ್ಕೆ ಮೂರು ಸಲ ಚಹಾ, ನೀರಿಗೆ ಇನ್ನೊಂದು ಕಪ್ಪು. ವರ್ಷಕ್ಕೆ 240 ಕೆಲಸದ ದಿನಗಳೆಂದರೂ ನನ್ನೊಬ್ಬನ ಲೆಕ್ಕವೇ 960 ಕಪ್ಪು. ಇದೇ ನಾನು ಮನೆಯಲ್ಲಿ ಖಾಲಿ ಕೋಣೆಯ ಫ್ಯಾನು ತಿರುಗುತ್ತಿದ್ದರೆ ಮಕ್ಕಳ ಮೇಲೆ ರೇಗುತ್ತೇನೆ, ಹಾಲಿನ ಪ್ಯಾಕೆಟ್ಟಿಗೆ ನೀರು ಹಾಕಿ ಕುಲುಕಿ ಆ ನೀರನ್ನೂ ಪಾತ್ರೆಗೇ ಸುರಿಯುತ್ತೇನೆ.

ಹೊಸ್ತಿಲು ದಾಟಿದ ಮೇಲೆ ಈ ಕೈಬಿಗಿತ ಎಲ್ಲಿ ಹೋಗುತ್ತದೆ? ಕಚೇರಿಯ ಬಿಲ್ಲು ನಮ್ಮದಲ್ಲ, ಅಷ್ಟೇ. ಪರಿಸರದ ಬಗ್ಗೆ ತಿಳಿವಳಿಕೆ ಸಾಲದು ಎನ್ನುವುದಕ್ಕಿಂತ ಇದೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ. ಪ್ರತಿ ಜೂನ್ 5ರಂದು ನಾವು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಕಳೆದ ಬಾರಿ ಗಿಡ ನೆಟ್ಟು ಬಂದವರಿಗೆ ಹಂಚಿದ ಬಾದಾಮಿ ಹಾಲೂ ಪೇಪರ್ ಕಪ್ಪಿನಲ್ಲೇ ಇತ್ತು.

ಅದು ಕಾಗದವಲ್ಲವೇ, ಮಣ್ಣಿಗೆ ಸೇರುತ್ತದಲ್ಲ ಎಂದು ನಾನೂ ನಂಬಿದ್ದೆ. ಬಿಸಿ ಚಹಾ ಸೋರದಂತೆ ತಡೆಯುವುದು ಕಾಗದವಲ್ಲ, ಒಳಗೆ ಬಳಿದಿರುವ ಪ್ಲಾಸ್ಟಿಕ್ಕಿನ ತೆಳುಪದರ. ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂದಾಗ ಪೇಪರ್ ಕಪ್ಪು ಉಳಿದುಕೊಂಡಿತು; ಕಚೇರಿಗಳೂ ತಮ್ಮ ಕರ್ತವ್ಯ ಮುಗಿಯಿತೆಂದು ನಿರಾಳವಾದವು. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಬ್ಯಾಂಡೇಜಿನಂಥ ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂದು ಹೈಕೋರ್ಟ್ 2015ರಲ್ಲೇ ಆದೇಶಿಸಿದೆ. ಚಹಾ ಉಳಿದ ಕಪ್ಪು ಇವುಗಳಲ್ಲಿ ಯಾವುದಕ್ಕೂ ಸರಿಯಾಗಿ ಸೇರುವುದಿಲ್ಲ, ಮೇಲಾಗಿ ಅದೇ ಡಬ್ಬದಲ್ಲಿರುವ ಒಳ್ಳೆಯ ರದ್ದಿ ಕಾಗದವನ್ನೂ ತೋಯಿಸಿ ಕೆಡಿಸುತ್ತದೆ. ಬೆಂಗಳೂರಿನ ಕಸ ತಮ್ಮ ಊರಿಗೆ ಬೇಡವೆಂದು ನಗರದ ಹೊರವಲಯದ ಮಂಡೂರಿನವರು ವರ್ಷಗಟ್ಟಲೆ ಹೋರಾಡಿದ್ದನ್ನು ಪತ್ರಿಕೆಯಲ್ಲಿ ಓದುವಾಗಲೂ ನನ್ನ ಕೈಯಲ್ಲಿ ಅಂಥದೇ ಕಪ್ಪು ಇದ್ದಿರಬೇಕು.

ಕಳೆದ ವರ್ಷ ಮನೆಯಿಂದ ಒಂದು ಸ್ಟೀಲ್ ಲೋಟ ಒಯ್ದೆ. ಯಾರದೋ ಗೃಹಪ್ರವೇಶದಲ್ಲಿ ಕೊಟ್ಟಿದ್ದು, ಹೆಸರು ಕೊರೆಸಿದ್ದರಿಂದ ಕಳೆದುಹೋಗುವ ಭಯವಿಲ್ಲ. ಎರಡು ವಾರ ಬಹಳ ಹೆಮ್ಮೆಯಿಂದ ಚಹಾ ಕುಡಿದು ಲೋಟವನ್ನು ಸಿಂಕಿನಲ್ಲಿಟ್ಟು ಬರುತ್ತಿದ್ದೆ. ಒಂದು ದಿನ ಹೌಸ್‌ಕೀಪಿಂಗ್‌ನ ಅಕ್ಕ ಮೆಲ್ಲಗೆ ಹೇಳಿದರು: "ಸಾರ್, ಕಪ್ಪಾದ್ರೆ ಚೀಲ ಕಟ್ಟಿ ಹಾಕ್ತಿದ್ದೆ. ಈಗ ನಿಮ್ ಲೋಟನೂ ತೊಳೀಬೇಕು." ಪರಿಸರ ಕಾಳಜಿ ನನ್ನದು, ದುಡಿಮೆ ಅವರದು ಎಂಬಂತಾಗಿತ್ತು. ಅಂದಿನಿಂದ ನನ್ನ ಲೋಟವನ್ನು ನಾನೇ ತೊಳೆಯುತ್ತೇನೆ. ಇದನ್ನು ನಾನು ಸಣ್ಣ ವಿಷಯವೆಂದು ತಿಳಿಯುವುದಿಲ್ಲ, ಏಕೆಂದರೆ ಕಚೇರಿಗಳ ಬಹುತೇಕ "ಹಸಿರು" ಯೋಜನೆಗಳು ಕಡಿಮೆ ಸಂಬಳದವರ ಹೆಚ್ಚುವರಿ ಕೆಲಸದ ಮೇಲೆಯೇ ನಿಲ್ಲುತ್ತವೆ.

ತೊಳೆಯುವುದಕ್ಕೆ ನೀರು ಖರ್ಚಾಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಈ ಊರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಪಂಪುಗಳ ಬಲದಿಂದ ಎತ್ತರ ಹತ್ತಿ ಬರುತ್ತದೆ. ಅದರ ಪ್ರತಿ ಲೋಟದಲ್ಲೂ ವಿದ್ಯುತ್ತಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿದ್ದು ನೆನಪಿರಬಹುದು. ಹಾಗಾಗಿ ನಲ್ಲಿಯನ್ನು ತೆರೆದಿಟ್ಟು ತೊಳೆಯುವುದಿಲ್ಲ. ಅರ್ಧ ಲೋಟ ನೀರು ಹಿಡಿದು, ಬೆರಳಿನಿಂದ ಉಜ್ಜಿ, ಅದೇ ನೀರನ್ನು ಕಿಟಕಿಯ ಬಳಿಯ ಮನಿಪ್ಲಾಂಟಿಗೆ ಸುರಿಯುತ್ತೇನೆ. ಸಕ್ಕರೆಯಿಲ್ಲದ ಚಹಾ ಕುಡಿಯುವುದರ ಇನ್ನೊಂದು ಲಾಭ.

ಒಬ್ಬನ ಅಭ್ಯಾಸಕ್ಕೆ ಮಿತಿಯಿರುವುದೂ ನಿಜ. ನಮ್ಮ ಮಹಡಿಯ ಎಸಿಯನ್ನು ಕಟ್ಟಡದ ನಿರ್ವಹಣೆಯವರು 20 ಡಿಗ್ರಿಗೆ ಇಟ್ಟಿರುತ್ತಾರೆ. ಏಪ್ರಿಲ್‌ನಲ್ಲಿ ಹೊರಗೆ ಬಿಸಿಲು ಸುಡುವಾಗ ಒಳಗೆ ನಾವು ಸ್ವೆಟರ್ ಹಾಕಿ ಕುಳಿತಿರುತ್ತೇವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ, 24 ಡಿಗ್ರಿಯನ್ನು ಶಿಫಾರಸು ಮಾಡುತ್ತದೆ. ಆದರೆ ಆ ಗುಂಡಿ ನನ್ನ ಕೈಗೆ ಸಿಗುವುದಿಲ್ಲ. ಇಂಥ ಕಡೆ ಸ್ವಂತ ಶಿಸ್ತಿಗಿಂತ ಕೇಳುವ ಧೈರ್ಯವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ನಮ್ಮ ವಿಭಾಗದ ಹದಿನಾಲ್ಕು ಜನರಲ್ಲಿ ಆರು ಮಂದಿಯ ಲೋಟಗಳು ಕಪಾಟಿನಲ್ಲಿ ಸಾಲಾಗಿ ಬೋರಲು ನಿಂತಿವೆ. ಹೆಸರಿಲ್ಲದ ಒಂದಕ್ಕೆ ನೇಲ್ ಪಾಲಿಶ್‌ನ ಚುಕ್ಕೆಯ ಗುರುತಿದೆ. ಪೇಪರ್ ಕಪ್ಪನ್ನು ಹೊರಗಿನಿಂದ ಬರುವ ಅತಿಥಿಗಳಿಗೆ ಮಾತ್ರ ತರಿಸಬೇಕು, ಎಸಿಯನ್ನು 24ಕ್ಕೆ ಏರಿಸಬೇಕು ಎಂದು ನಾವು ಆರು ಮಂದಿ ಸೇರಿ ಆಡಳಿತ ವಿಭಾಗಕ್ಕೆ ಇಮೇಲ್ ಬರೆದೆವು. ಮೂರನೇ ದಿನ ಉತ್ತರ ಬಂತು: ಮನವಿಯನ್ನು ಪ್ರಿಂಟ್ ತೆಗೆದು, ಎಲ್ಲರೂ ಸಹಿ ಮಾಡಿ, ಎರಡು ಪ್ರತಿಗಳಲ್ಲಿ ಸಲ್ಲಿಸಬೇಕಂತೆ. ಹಾಳೆಯ ಎರಡೂ ಬದಿಗೆ ಪ್ರಿಂಟ್ ತೆಗೆದು ಕೊಟ್ಟಿದ್ದೇವೆ.