ಕುರ್ಚಿಯ ಮೇಲಿನ ಮುಳ್ಳು

ಮಂಡಿಗೆ ಮುಲಾಮು ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮಗಳ ಮನೆಗೆಂದು ಇಂಗ್ಲೆಂಡಿಗೆ ಬಂದು ಐದು ವಾರವಾಯಿತು, ಐದು ಹಳೆಯ ಬಂಗಲೆಗಳೂ ಆದವು. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿದರೆ ಎಷ್ಟು ಬಂಗಲೆ ನೋಡಿದರೂ ಪುಕ್ಕಟೆಯಂತೆ. ಮಗಳು ಕಟ್ಟಿಬಿಟ್ಟಿದ್ದಾಳೆ. ಹಾಗಾಗಿ ಪ್ರತಿ ಶನಿವಾರ ಚಪಾತಿ ಕಟ್ಟಿಕೊಂಡು ಹೊರಡುವುದು, ಹಣ ವಸೂಲು ಮಾಡುವುದು.

ಕಾಲುನೋವಿನವರಿಗೆ ಈ ಬಂಗಲೆಗಳಷ್ಟು ನಿರ್ದಯವಾದ ಜಾಗ ಇನ್ನೊಂದಿಲ್ಲ. ಕೋಣೆಗೆ ಹನ್ನೆರಡು ಕುರ್ಚಿ. ರೇಷ್ಮೆ ಮೆತ್ತೆ, ಕೆತ್ತನೆಯ ಕೈ. ಆದರೆ ಪ್ರತಿ ಮೆತ್ತೆಯ ಮೇಲೂ ಒಂದು ಒಣಗಿದ ಮುಳ್ಳುಹೂ! ‘ಕುಳಿತುಕೊಳ್ಳಬೇಡಿ’ ಎಂದು ಬರೆದು ಹಾಕಿದರೆ ಒರಟಾಗುತ್ತದೆಂದು ಈ ಸಭ್ಯರು ಕಂಡುಕೊಂಡ ಉಪಾಯ. ಬಾಯಲ್ಲಿ ‘ಸಾರಿ’, ಕುರ್ಚಿಯಲ್ಲಿ ಮುಳ್ಳು.

ನಮ್ಮ ಯಜಮಾನರಿಗೆ ಮಂಡಿ ಗಟ್ಟಿ. ಲೆಕ್ಕಪರಿಶೋಧನೆಯಲ್ಲಿ ನಿವೃತ್ತರಾದವರು, ಫಲಕ ಕಂಡರೆ ಕೊನೆಯ ಪೂರ್ಣವಿರಾಮದವರೆಗೂ ಓದಬೇಕು. ಕೆಲವು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ್ದರು. 1696ರಿಂದ 1851ರವರೆಗೆ ಇಲ್ಲಿ ಕಿಟಕಿಗೂ ತೆರಿಗೆ ಇತ್ತಂತೆ. ‘ನೋಡು, ಒಳಗೆ ಹೋಗುವುದೇ ಬೇಡ, ಬೀದಿಯಲ್ಲಿ ನಿಂತೇ ಎಣಿಸಬಹುದು!’ ಎಂದು ಅವರು ಪುಳಕಿತರಾದರು. ತಾಜಮಹಲಿನ ಮುಂದೆಯೂ ಆ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ.

ಅವರನ್ನು ಕಿಟಕಿಯ ಬಳಿ ಬಿಟ್ಟು ಮುಂದಿನ ಕೋಣೆಗೆ ಹೋದೆ. ಒಂದು ಹಸಿರು ಕುರ್ಚಿಯ ಮುಂದೆ ತುಸು ಹೊತ್ತು ನಿಂತೆ, ಹಸಿದವಳು ಮಿಠಾಯಿ ಅಂಗಡಿಯ ಮುಂದೆ ನಿಂತ ಹಾಗೆ. ಬಗ್ಗಿ ನೋಡಿದೆ, ನಿಟ್ಟುಸಿರಿಟ್ಟೆ, ಮುಂದೆ ನಡೆದೆ. ನಾಲ್ಕನೆಯ ಕೋಣೆಯಲ್ಲಿ ಒಂದು ಮಗು ನನ್ನ ಬೆನ್ನ ಹಿಂದೆ ಬೆರಳು ತೋರಿಸಿ ನಗತೊಡಗಿತು. ತಿರುಗಿದರೆ, ನನ್ನ ಉಣ್ಣೆಯ ಶಾಲಿನ ತುದಿಯಲ್ಲಿ ಮುಳ್ಳುಹೂ ಜೋತಾಡುತ್ತಿದೆ!

ಕಿತ್ತರೆ ಬರಲೊಲ್ಲದು. ಅಲ್ಲಿದ್ದ ಸ್ವಯಂಸೇವಕಿ ಅಜ್ಜಿ ‘ಸಾರಿ, ಸಾರಿ’ ಎನ್ನುತ್ತ ಒಂದೊಂದೇ ಎಳೆ ಬಿಡಿಸಿದರು. ಕಳ್ಳಿ ನಾನು, ಕ್ಷಮೆ ಅವರದು. ಹಿಂದೆ ನೇಯ್ದ ಉಣ್ಣೆಬಟ್ಟೆಯ ಮೇಲೆ ನವಿರು ಎಬ್ಬಿಸಲು ಇದೇ ಹೂವಿನಿಂದ ಉಜ್ಜುತ್ತಿದ್ದರಂತೆ. ಉಣ್ಣೆ ಸಿಕ್ಕಿದರೆ ಬಿಡುವುದಿಲ್ಲವಂತೆ. ಅದನ್ನು ಹೇಳಲು ಒಂದು ಫಲಕವಿರಲಿಲ್ಲ.

ಹೂವನ್ನು ಅಂಗೈಯಲ್ಲಿಟ್ಟುಕೊಂಡು ಹಿಂದಿರುಗಿದೆವು. ಹಸಿರು ಕುರ್ಚಿಯಲ್ಲಿ ಯಜಮಾನರು ಕಾಲಮೇಲೆ ಕಾಲು ಹಾಕಿ ಕುಳಿತಿದ್ದರು! ಎಲ್ಲ ಕುರ್ಚಿಗಳಲ್ಲೂ ಮುಳ್ಳು, ಇದೊಂದರಲ್ಲಿ ಇಲ್ಲ. ಆದ್ದರಿಂದ ಇದು ಸಾರ್ವಜನಿಕರಿಗೆ. ಲೆಕ್ಕದಲ್ಲಿ ತಪ್ಪೇನಿಲ್ಲ. ಅಜ್ಜಿ ಮತ್ತೆ ‘ಸಾರಿ’ ಎಂದರು. ಯಜಮಾನರು ಎದ್ದು, ‘ಕುಳಿತುಕೊಳ್ಳಬಾರದೆಂದು ಎಲ್ಲಿ ಬರೆದಿದೆ?’ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಅಜ್ಜಿ ನನ್ನ ಅಂಗೈ ನೋಡಿದರು. ನಾನು ಸೂರಿನ ಚಿತ್ತಾರ ನೋಡಿದೆ.

ಕೊನೆಗೆ ಕುಳಿತುಕೊಳ್ಳಲು ಜಾಗ ಸಿಕ್ಕಿದ್ದು ನೆಲಮಾಳಿಗೆಯ ಅಡುಗೆಮನೆಯ ಪಕ್ಕದಲ್ಲಿ, ಆಳುಕಾಳುಗಳ ಬೆಂಚಿನ ಮೇಲೆ. ಅದಕ್ಕೆ ಮುಳ್ಳಿರಲಿಲ್ಲ. ಎದುರಿನ ಗೋಡೆಯಲ್ಲಿ ಸಾಲಾಗಿ ಗಂಟೆಗಳು, ಪ್ರತಿಯೊಂದರ ಕೆಳಗೆ ಒಂದೊಂದು ಕೋಣೆಯ ಹೆಸರು. ಮೇಲೆ ದೊರೆಸಾನಿ ಹಗ್ಗ ಎಳೆದರೆ ಇಲ್ಲಿ ಗಂಟೆ ಅಲ್ಲಾಡಬೇಕು, ಕುಳಿತವಳು ಓಡಬೇಕು.

ನಮ್ಮ ಊರಿನ ಮನೆಯ ಹಜಾರದಲ್ಲಿ ಎರಡು ಬೆತ್ತದ ಕುರ್ಚಿಗಳಿದ್ದವು. ಶಾನುಭೋಗರಿಗೆ, ಡಾಕ್ಟರಿಗೆ, ಬೀಗರಿಗೆ. ಅಮ್ಮ ದಿನಾ ಬೆಳಿಗ್ಗೆ ಸೆರಗಿನಿಂದ ಅವುಗಳ ಧೂಳು ಒರೆಸುತ್ತಿದ್ದಳು. ಅವಳು ಅದರಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಯಾರೂ ಮುಳ್ಳು ಇಟ್ಟಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಮೆಟ್ಟಿಲಿಳಿದು ಬಂದರು. ‘ಬನ್ನಿ, ಇಲ್ಲಿ ಕುಳಿತುಕೊಳ್ಳಬಹುದು’ ಎಂದೆ. ಅವರು ಬೆಂಚಿನ ಹಿಂದೆ ನೋಡಿದರು, ಬಗ್ಗಿ ಕೆಳಗೆ ನೋಡಿದರು, ನನ್ನ ಶಾಲನ್ನು ಎರಡು ಸಲ ತಿರುಗಿಸಿ ನೋಡಿದರು.

‘ಹಾಗೆಂದು ಎಲ್ಲೂ ಬರೆದಿಲ್ಲವಲ್ಲ’ ಎಂದು ನಿಂತೇ ಇದ್ದರು.